ಎಂಜಿನ್ ಬಿಚ್ಚುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಗಾಡಿ ಆಯಿಲ್ ಕುಡಿಯುತ್ತಿದೆ, ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಅಂದ ಅಂತ ಬರೆದಿದ್ದೀಯ. ರಿಂಗ್ ಅಂದರೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಸುತ್ತ ಇರುವ ಬಳೆ. ಅವನ ಮಾತು ನಿಜವೇ ಇರಬಹುದು. ಆದರೂ ಅವಸರ ಬೇಡ. ನಾನು ಒಮ್ಮೆ ಅವಸರ ಮಾಡಿ ಕೈ ಸುಟ್ಟುಕೊಂಡವನು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎಷ್ಟು ಕುಡಿಯುತ್ತಿದೆ ಅಂತ ಅಳೆದು ನೋಡು. ‘ತುಂಬಾ’ ಅಂದರೆ ಲೆಕ್ಕ ಆಗುವುದಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಒರೆಸಿ, ಮತ್ತೆ ಹಾಕಿ ನೋಡು. ಮೇಲಿನ ಗುರುತಿನವರೆಗೆ ತುಂಬಿಸಿ, ಮೀಟರಿನ ಕಿಲೋಮೀಟರ್ ಬರೆದಿಡು. 1000 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಆ ಗುರುತು ಮುಟ್ಟಲು ಎಷ್ಟು ಬೇಕಾಯಿತು ಅಂತ ಬರೆ. ನಡುವೆ ವಾರಕ್ಕೊಮ್ಮೆ ನೋಡುತ್ತಿರು, ಕೆಳಗಿನ ಗುರುತಿಗೆ ಇಳಿಯಲು ಬಿಡಬೇಡ. ಹಾಕಿದ್ದೆಲ್ಲ ಲೆಕ್ಕಕ್ಕೆ ಸೇರಲಿ. ಎಷ್ಟೋ ಗಾಡಿಗಳಲ್ಲಿ ಎರಡು ಗುರುತುಗಳ ನಡುವೆ ಸುಮಾರು 1 ಲೀಟರ್ ಇರುತ್ತದೆ. ಕೆಲವು ಕಂಪನಿಗಳ ಕೈಪಿಡಿಯಲ್ಲಿ 1000 ಕಿ.ಮೀ.ಗೆ 1 ಲೀಟರ್ ಹೋದರೂ ಸರಿಯೇ ಅಂತ ಬರೆದಿರುತ್ತಾರೆ! ಅದು ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಹಳೇ ಗಾಡಿ ಕಾಲು ಲೀಟರ್ ಕುಡಿದರೆ ನಾನಂತೂ ಸುಮ್ನೆ ತುಂಬಿಸಿಕೊಂಡು ಓಡಿಸುತ್ತೇನೆ. ಹೆದರಿ ಮೇಲಿನ ಗುರುತು ದಾಟಿಸಬೇಡ. ಜಾಸ್ತಿಯಾದ ಆಯಿಲ್ ನೊರೆಯೇಳುತ್ತದೆ, ಉರಿದೂ ಹೋಗುತ್ತದೆ.

ಇನ್ನು ಆಯಿಲ್ ಸೋರುತ್ತಿದೆಯೋ, ಉರಿಯುತ್ತಿದೆಯೋ? ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡು. ಬೆಳಗ್ಗೆ ರಟ್ಟು ಒಣಗಿದ್ದರೆ ಸೋರುತ್ತಿಲ್ಲ ಅಂತ ಹೇಳಲಾಗದು, ಓಡುವಾಗ ಮಾತ್ರ ಸೋರುವ ಜಾಗಗಳೂ ಇವೆ. ಎಂಜಿನ್ನಿನ ಹೊರಮೈ ಒರೆಸಿ, ಒಂದೆರಡು ದಿನ ಓಡಿಸಿ, ಟಾರ್ಚ್ ಹಿಡಿದು ನೋಡು. ಆಯಿಲ್ ಕೆಳಗಿಳಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಮುಂದೆ ಇರುವುದನ್ನು ಮೊದಲು ಅನುಮಾನಿಸು. ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟ್ ಆಗಿದ್ದರೆ ಸಣ್ಣ ಕೆಲಸ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸೀಲ್ ಆದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಬೇಕು.

ಸೋರುತ್ತಿಲ್ಲ ಅಂತಾದರೆ ಹೊಗೆ ನೋಡು. ನೀನು ಓಡಿಸು, ಬೇರೆಯವರು ಹಿಂದಿನ ಗಾಡಿಯಲ್ಲಿ ಬರಲಿ. ಆಯಿಲ್ ಉರಿದರೆ ಹೊಗೆ ನೀಲಿಯಾಗಿರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಭುಸ್ ಅಂತ ಬಿಟ್ಟು ನಿಂತರೆ ಅನುಮಾನ ವಾಲ್ವ್ ಸೀಲಿನ ಮೇಲೆ, ಅಂದರೆ ವಾಲ್ವಿನ ಕಾಂಡದ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರಿನ ಮೇಲೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಬಂದರೂ ಹೆಚ್ಚಾಗಿ ಅದೇ. ಏರು ಹತ್ತುವಾಗ ಉದ್ದಕ್ಕೂ ಬಿಡುತ್ತಲೇ ಇದ್ದರೆ ರಿಂಗ್. ಆದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡಲು ಇಟ್ಟಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಲ್ಪ ಹೊಗೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಸ್ಪಾರ್ಕ್ ಪ್ಲಗ್ ಬಿಚ್ಚಿಸಿಯೂ ನೋಡು. ಒಂದೇ ಪ್ಲಗ್ ಕಪ್ಪಗೆ ಜಿಡ್ಡಾಗಿದ್ದರೆ ಕಳ್ಳ ಯಾವ ಸಿಲಿಂಡರಿನಲ್ಲಿದ್ದಾನೆ ಅಂತ ಗೊತ್ತಾಯಿತು, ಅಲ್ವಾ?

ಈಗ ನನ್ನ ಕಥೆ. ನನ್ನ ಗಾಡಿಯೂ ನೀಲಿ ಹೊಗೆ ಬಿಡುತ್ತಿತ್ತು. ಗ್ಯಾರೇಜಿನವರು ರಿಂಗ್ ಅಂದರು, ನಾನು ಹೂಂ ಅಂದೆ. ಹೊಸ ರಿಂಗ್ ಹಾಕಿ ಗಾಡಿ ಮನೆಗೆ ಬಂತು, ಆಯಿಲ್ ಕುಡಿಯುವುದು ನಿಲ್ಲಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಹೆಬ್ಬೆರಳಿನಷ್ಟಿರುವ ಪಿಸಿವಿ ವಾಲ್ವ್. ಪಿಸ್ಟನ್ ದಾಟಿ ಕೆಳಗಿಳಿಯುವ ಗ್ಯಾಸನ್ನು ಮತ್ತೆ ಎಂಜಿನ್ನೇ ಎಳೆದುಕೊಂಡು ಉರಿಸಲು ಅದನ್ನು ಇಟ್ಟಿರುತ್ತಾರೆ. ಅದು ತೆರೆದೇ ಸಿಕ್ಕಿಕೊಂಡರೆ ಗ್ಯಾಸಿನ ಜೊತೆ ಆಯಿಲನ್ನೂ ಎಳೆಯುತ್ತದೆ. ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ, ಸೀಲುಗಳಿಂದ ಆಯಿಲ್ ಹೊರಗೆ ಬರುತ್ತದೆ. ಬಿಚ್ಚಲು ಬರುವಂಥದ್ದಾದರೆ ಕಿವಿ ಹತ್ತಿರ ಅಲ್ಲಾಡಿಸಿ ನೋಡು, ಸಾಮಾನ್ಯವಾಗಿ ಟಕಟಕ ಅನ್ನಬೇಕು. ನನ್ನದು ಸದ್ದೇ ಮಾಡಲಿಲ್ಲ.

ಅದೂ ಸರಿಯಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸು, ಅಂದರೆ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏಳುತ್ತದೆ ಅಂತ ಅಳೆಯುವುದು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳು. ಅಂಕಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಇಲ್ಲಿ ಮೆಕ್ಯಾನಿಕ್ಕುಗಳೂ ಮೋಸ ಹೋಗುವುದುಂಟು: ಕಂಪ್ರೆಶನ್ ಚೆನ್ನಾಗಿದ್ದರೂ ಕೆಳಗಿನ ಆಯಿಲ್ ರಿಂಗ್ ಮಸಿ ಹಿಡಿದು ಅಂಟಿಕೊಂಡಿರಬಹುದು. ವಾಲ್ವ್ ಸೀಲ್ ಮಾತ್ರ ಆಗಿದ್ದರೆ ಎಷ್ಟೋ ಎಂಜಿನ್‌ಗಳಲ್ಲಿ ಸಿಲಿಂಡರುಗಳ ಮೇಲೆ ಕೂರುವ ಹೆಡ್ ಇಳಿಸದೆಯೇ ಬದಲಿಸಬಹುದು. ಕೇಳಿ ನೋಡು.

ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ಮಾತ್ರ ಒಂದು ಮಾರೂ ಮುಂದೆ ಹೋಗಬೇಡ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸು.

ನಾಳೆ ಬೆಳಗ್ಗೆಯೇ ಅಳತೆ ಶುರು ಮಾಡು. ಆ ಮೆಕ್ಯಾನಿಕ್ಕಿಗೆ 1000 ಕಿ.ಮೀ. ಆದ ಮೇಲೆ ಬರುತ್ತೇನೆ ಅಂತ ಹೇಳಿಬಿಡು. ಬರೆದಿಟ್ಟ ಅಂಕಿಗಳನ್ನು ನನಗೂ ಕಳಿಸು.

ನಿನ್ನ
ದೊಡ್ಡಪ್ಪ