ಸಬ್ಸಿಡಿ ಬೈಯುವ ಮುಂಚೆ

ಲಷ್ಕರ್ ಮೊಹಲ್ಲಾ, ಮೈಸೂರು

ಪ್ರೀತಿಯ ಪುಟ್ಟು,

ಕ್ರಿಸ್‌ಮಸ್ ದಿನ ಪಾಲಹಳ್ಳಿಯಲ್ಲಿ ಊಟದ ಹೊತ್ತಿಗೆ ನೀನೂ ನಿಮ್ಮಪ್ಪನೂ ಆಡಿದ ಜಗಳ ಇನ್ನೂ ನನ್ನ ಕಿವಿಯಲ್ಲೇ ಇದೆ. ಆಗ ನಾನು ಬಾಯಿ ಹಾಕಲಿಲ್ಲ. ಹಬ್ಬದ ದಿನ, ಬಿರಿಯಾನಿ ಬೇರೆ ಆರುತ್ತಿತ್ತು. ಈಗ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳದೆ ಓದು.

"ಸರ್ಕಾರ ಎಲ್ಲಾ ಪುಕ್ಕಟೆ ಕೊಟ್ಟು ಜನರನ್ನ ಸೋಮಾರಿ ಮಾಡ್ತಿದೆ. ನಮ್ಮ ಧರ್ಮಸಭೆಯೇ ಇದನ್ನ ಒಪ್ಪಲ್ಲ, ಸಬ್ಸಿಡಿಯಾರಿಟಿ ಅಂತ ಇದೆ" ಅಂದೆ. ನಿಮ್ಮಪ್ಪನಿಗೆ ಆ ಪದ ಗೊತ್ತಿರಲಿಲ್ಲ, ಸುಮ್ಮನಾದ. ಗೆದ್ದೆ ಅಂದುಕೊಂಡೆ ಅಲ್ವಾ? ಗೊತ್ತಿಲ್ಲದವನ ಮುಂದೆ ದೊಡ್ಡ ಪದ ಬಿಟ್ಟು ಗೆಲ್ಲುವುದು ಯಾವ ಗೆಲುವು ಕಣೋ?

ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಬರೆದ ಪತ್ರದಲ್ಲಿ ಈ ಮಾತಿದೆ. ಮನೆಯವರು, ಊರಿನವರು, ಸಣ್ಣ ಸಂಘದವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಅಂತ. ಆದರೆ ಆ ಪದದ ಬೇರು ಲ್ಯಾಟಿನ್ನಿನ ಸಬ್ಸಿಡಿಯುಂ. ಅಂದರೆ ನೆರವು. ನಿಮ್ಮಪ್ಪ ಗೊಬ್ಬರಕ್ಕೆ ತಗೊಳ್ಳುವ ಸಬ್ಸಿಡಿ ಇದೆಯಲ್ಲ, ಅದೂ ಅದೇ ತಾಯಿಯ ಮಗು. ನೀನು ಅಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ತಮ್ಮನಿಗೆ ಬೈಯುತ್ತಿದ್ದೆ. ಕೆಳಗಿನವರಿಗೆ ಆಗದಿದ್ದಾಗ ಮೇಲಿನವರು ಕೈ ಹಿಡಿಯಬೇಕು, ಇದೂ ಅದೇ ಪಾಠದ ಇನ್ನರ್ಧ. ಕೈ ಹಿಡಿಯುವುದು ಬೇರೆ, ಕೈ ಕೊಡುವುದು ಬೇರೆ.

ಸಹಕಾರ ಸಂಘದ ಸದಸ್ಯರಿಗೆ ಅಂತ ಇರುವ ಆರೋಗ್ಯ ಯೋಜನೆ ಯಶಸ್ವಿನಿಯನ್ನೇ ತಗೋ. 2003ರಲ್ಲಿ ಶುರುವಾದಾಗ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಿಮ್ಮಪ್ಪ ಡೈರಿಗೆ ಹಾಲು ಹಾಕುತ್ತಿದ್ದ, ಸಂಘದಲ್ಲಿ ಹೆಸರಿತ್ತು. ಸೆಕ್ರೆಟರಿ ದುಡ್ಡು ಕಟ್ಟಿಸಿಕೊಂಡರು, ಸರ್ಕಾರ ತನ್ನ ಪಾಲು ಹಾಕಿತು. ನಿಮ್ಮಜ್ಜಿಯ ಪಿತ್ತಕೋಶದ ಕಲ್ಲು ತೆಗೆಸಿದ್ದು ಅದರಲ್ಲೇ. ಪಿಯುಸ್ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ರೋಮಿನಲ್ಲೂ ಸಿಗಲಿಕ್ಕಿಲ್ಲ.

ಆದರೆ ಸಂಘವೇ ಇಲ್ಲದವರು?

ನಾನು ನರ್ಸ್ ಆಗಿದ್ದ ಒಂದು ಆಸ್ಪತ್ರೆಯಲ್ಲಿ ನಡೆದದ್ದು, ಹೆಸರು ಬೇಡ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದಿದ್ದ ಗಂಡ ಹೆಂಡತಿ. ಗಂಡನ ಕಣಕಾಲಿಗೆ ಮಚ್ಚು ಬಿದ್ದು ನರ ತುಂಡಾಗಿತ್ತು. ಜಮೀನಿಲ್ಲ, ಎಮ್ಮೆಯಿಲ್ಲ, ಹಾಗಾಗಿ ಯಾವ ಸಂಘದ ಪುಸ್ತಕದಲ್ಲೂ ಹೆಸರಿಲ್ಲ. "ಡೆಪಾಸಿಟ್ ಕಟ್ಟಿ ರಸೀದಿ ತಗೊಂಡು ಬನ್ನಮ್ಮ" ಅಂತ ಕಳಿಸಿದವಳು ನಾನೇ. ಬೆಳಗ್ಗೆ ರಸೀದಿ ಹಿಡಿದು ಬಂದಳು. ಹಿಂದಿನ ರಾತ್ರಿ ಕಿವಿಯಲ್ಲಿ ಓಲೆ ಇತ್ತು. ಈಗ ಆ ತೂತಿನಲ್ಲಿ ಬೇವಿನ ಕಡ್ಡಿ. ಎರಡನ್ನೂ ಒಂದೇ ಅಳತೆಗೆ ಮುರಿದು, ತುದಿ ಚುಚ್ಚದ ಹಾಗೆ ಉಜ್ಜಿ ನುಣ್ಣಗೆ ಮಾಡಿ ಸಿಕ್ಕಿಸಿಕೊಂಡಿದ್ದಳು. ಅಳಲಿಲ್ಲ. ಡ್ರೆಸ್ಸಿಂಗ್ ಎಷ್ಟು ಹೊತ್ತಿಗೆ ಅಂತ ಕೇಳಿದಳು, ಅಷ್ಟೇ. ನಾನು ಅವಳ ಮುಖ ನೋಡದೆ ಟೈಮ್ ಹೇಳಿದೆ.

ಪೋಪ್ ಎರಡನೇ ಜಾನ್ ಪಾಲ್ ಹರೆಯದಲ್ಲಿ ಕಲ್ಲಿನ ಕ್ವಾರಿಯಲ್ಲಿ ದುಡಿದವರು. 1981ರಲ್ಲಿ ದುಡಿಮೆಯ ಬಗ್ಗೆ ಪತ್ರ ಬರೆದಾಗ ಅವರು ಈ ವಿಷಯ ಮರೆಯಲಿಲ್ಲ. ಕೆಲಸಗಾರನಿಗೆ ಚಿಕಿತ್ಸೆ ಸುಲಭವಾಗಿ ಸಿಗಬೇಕು, ಆದಷ್ಟೂ ಅಗ್ಗವಾಗಿರಬೇಕು, ಪುಕ್ಕಟೆ ಆದರೂ ಸರಿ ಅಂದರು. ಅದರಲ್ಲೂ ಕೆಲಸದಲ್ಲಿ ಪೆಟ್ಟಾದವರ ಮಾತು ಎತ್ತಿದರು. ನೀನು ಈ ಸಾಲು ಓದಿದ್ದರೆ ಅವತ್ತು ಹಾಗೆ ಮಾತಾಡುತ್ತಿರಲಿಲ್ಲ.

ನಿಮ್ಮಪ್ಪ ಹೇಳಿದ್ದೆಲ್ಲ ಸರಿ ಅಂತಲ್ಲ. "ಎಲ್ಲಾ ಸರ್ಕಾರವೇ ನೋಡಿಕೊಳ್ಳಲಿ" ಅನ್ನುತ್ತಾನೆ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಬರೆದ ಪತ್ರ ಅದನ್ನೂ ಒಪ್ಪುವುದಿಲ್ಲ. ಸ್ವಂತ ಆಸ್ತಿ ಇರಲಿ, ಕೂಲಿಯವನಿಗೆ ಬದುಕುವಷ್ಟು ಕೂಲಿ ಸಿಗಲಿ, ಸಂಘ ಕಟ್ಟಿಕೊಳ್ಳಲಿ ಅನ್ನುತ್ತದೆ. 2025ರಲ್ಲಿ ಆಯ್ಕೆಯಾದ ಪೋಪ್ ಕೂಡ ಲಿಯೋ ಎಂಬ ಹೆಸರನ್ನೇ ಇಟ್ಟುಕೊಂಡಿದ್ದಾರೆ ಅಂದರೆ ಆ ಪತ್ರ ಹಳೇದಾಗಿಲ್ಲ ಅಂತ ತಾನೇ?

ಇನ್ನು ನೀನು ಓದುವ ಆ ಅಮೆರಿಕದ ಲೇಖನಗಳು. ಅಲ್ಲಿ 2010ರ ಆರೋಗ್ಯ ಕಾನೂನು ಬಂದಾಗ ಬಿಷಪ್‌ಗಳು ಗರ್ಭಪಾತಕ್ಕೆ ಸರ್ಕಾರದ ದುಡ್ಡು ಹೋಗುತ್ತದೆ ಅಂತ ವಿರೋಧಿಸಿದರು, ಕಥೋಲಿಕ ಆಸ್ಪತ್ರೆಗಳ ಒಕ್ಕೂಟ ಬೆಂಬಲಿಸಿತು. ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಅನ್ನುವುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. 2012ರಲ್ಲಿ ಅಲ್ಲಿನ ಕಥೋಲಿಕ ರಾಜಕಾರಣಿ ಪಾಲ್ ರಯಾನ್ ನಿನ್ನ ಹಾಗೇ ಸಬ್ಸಿಡಿಯಾರಿಟಿ ಹೇಳಿ ತನ್ನ ಬಜೆಟ್ಟನ್ನು ಸಮರ್ಥಿಸಿಕೊಂಡ. ಬಡವರ ಊಟಕ್ಕೆ ಕತ್ತರಿ ಹಾಕಬೇಡಿ ಅಂತ ಬಿಷಪ್‌ಗಳೇ ಪತ್ರ ಬರೆದರು. ಅವರ ಜಗಳ ಅವರ ಊರಿನದು. ಅದನ್ನು ಹಾಗೇ ಹೊತ್ತು ತಂದು ಪಾಲಹಳ್ಳಿಯ ಜಗಲಿ ಮೇಲೆ ಇಳಿಸಬೇಡ.

ನೀನು ಬೆಂಗಳೂರಿನ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂರುವವನು, ಅದಕ್ಕೇ ಇಷ್ಟು ಹೇಳಿದೆ. ಡೆಪಾಸಿಟ್ ಅನ್ನುವ ಮುಂಚೆ ಬಿಪಿಎಲ್ ಕಾರ್ಡ್ ಇದೆಯಾ ಕೇಳು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕೌಂಟರಿಗೆ ಬರುವ ಎಷ್ಟೋ ಜನರಿಗೆ ಅದೇ ಗೊತ್ತಿರುವುದಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೊಡು. ಎರಡು ನಿಮಿಷದ ಕೆಲಸ. ನನಗೆ ಆಗ ಅದು ಹೊಳೆಯಲಿಲ್ಲ.

ನಿಮ್ಮಪ್ಪನಿಗೆ ಫೋನ್ ಮಾಡು. ಮಂಡಿ ನೋವು ಜಾಸ್ತಿಯಾಗಿದೆ, ನಿನಗೆ ಹೇಳಿರಲ್ಲ. ಯಶಸ್ವಿನಿ 2018ರಲ್ಲಿ ನಿಂತಿತ್ತು, 2022ರಲ್ಲಿ ಮತ್ತೆ ಬಂತಲ್ಲ, ಈ ಸಲದ ದುಡ್ಡು ಕಟ್ಟಿದ್ದಾನೋ ಇಲ್ಲವೋ ಕೇಳಿ ನನಗೆ ತಿಳಿಸು.

ನಿನ್ನ ಅತ್ತೆ