ಕಣ್ಣೆದುರಿಗೆ ಬಂದ ಆಟ

ಆತ್ಮೀಯ ಕನ್ನಡ ಬಂಧುಗಳೇ,

ನಾಲ್ಕು ಗೋಡೆಗಳ ಕೋರ್ಟಿನೊಳಗೆ ರ‍್ಯಾಕೆಟ್ಟಿನಿಂದ ಚೆಂಡನ್ನು ಗೋಡೆಗೆ ಹೊಡೆದು ಆಡುವ ಆಟ ಸ್ಕ್ವಾಷ್. ಅದರ ವಿಶ್ವ ಚಾಂಪಿಯನ್‌ಶಿಪ್ ಇತ್ತೀಚಿನ ವರ್ಷಗಳಲ್ಲಿ ನಮ್ಮ ಶಿಕಾಗೊಗೆ ಮೂರು ಸಲ ಬಂದಿದೆ: 2019, 2023 ಮತ್ತು 2025ರಲ್ಲಿ. ಕ್ರಿಕೆಟ್ ವಿಶ್ವಕಪ್ ಎಂದರೆ ನಿದ್ದೆಗೆಟ್ಟು ನೋಡುವ ಜನ ನಾವು. ಆದರೆ ಮನೆಗೆ ಇಷ್ಟು ಹತ್ತಿರ ನಡೆದ ಈ ಪಂದ್ಯಗಳ ಸುದ್ದಿ ನಮ್ಮಲ್ಲಿ ಜಾಸ್ತಿ ಜನಕ್ಕೆ ತಲುಪಲೇ ಇಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಬಾರಿಗೆ ಇರುತ್ತದೆ. ಅದಕ್ಕೇ ಈ ಸಲದ ಸಂಪಾದಕೀಯ ಈ ಆಟದ ಬಗ್ಗೆ.

ವಿಶ್ವ ಓಪನ್ ಎಂಬ ಹೆಸರಿನಲ್ಲಿ ಪುರುಷರ ಈ ಚಾಂಪಿಯನ್‌ಶಿಪ್ ಶುರುವಾದದ್ದು 1976ರಲ್ಲಿ, ಲಂಡನ್ನಿನಲ್ಲಿ. ಮೊದಲ ನಾಲ್ಕೂ ಪ್ರಶಸ್ತಿಗಳು ಆಸ್ಟ್ರೇಲಿಯಾದ ಜೆಫ್ ಹಂಟ್ ಅವರಿಗೇ ಹೋದವು. 1981ರಲ್ಲಿ ಟೊರಾಂಟೊದಲ್ಲಿ ಅವರನ್ನು ಸೋಲಿಸಿದ್ದು ಪಾಕಿಸ್ತಾನದ 17 ವರ್ಷದ ಹುಡುಗ ಜಹಾಂಗೀರ್ ಖಾನ್. ಚಿಕ್ಕಂದಿನಲ್ಲಿ ಅವನದು ಕಾಯಿಲೆಯ ಮೈ, ಆಟ ಬೇಡ ಎಂದು ಡಾಕ್ಟರುಗಳು ಹೇಳಿದ್ದರು. ಅಣ್ಣ ತೋರ್ಸಮ್ 1979ರಲ್ಲಿ ಆಸ್ಟ್ರೇಲಿಯಾದಲ್ಲಿ ಆಡುತ್ತಿರುವಾಗಲೇ ಕೋರ್ಟಿನಲ್ಲಿ ಕುಸಿದು ತೀರಿಕೊಂಡರು. ಆಟವನ್ನೇ ಬಿಟ್ಟುಬಿಡೋಣ ಎಂದುಕೊಂಡ ಹುಡುಗ ಅಣ್ಣನಿಗಾಗಿ ಮತ್ತೆ ರ‍್ಯಾಕೆಟ್ ಹಿಡಿದ. ಎರಡೇ ವರ್ಷದಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ನ್ಯೂಜಿಲೆಂಡಿನ ರಾಸ್ ನಾರ್ಮನ್ ಎದುರು ಸೋಲುವವರೆಗೆ, ಐದು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಯಾರೂ ಮಣಿಸಲಾಗಲಿಲ್ಲ.

ಜಹಾಂಗೀರ್‌ಗೆ ಆರು ವಿಶ್ವ ಪ್ರಶಸ್ತಿ, ನಂತರ ಬಂದ ಜಾನ್‌ಶೇರ್ ಖಾನ್‌ಗೆ ಎಂಟು. ಇಬ್ಬರ ಮನೆತನದ ಮೂಲವೂ ಪೇಶಾವರದ ಹತ್ತಿರದ ನವಾಕಿಲೆ ಎಂಬ ಒಂದೇ ಹಳ್ಳಿ. ಆ ಹಳ್ಳಿಯಲ್ಲೇ ಏಕೆ ಇಂಥ ಆಟಗಾರರು? ಬ್ರಿಟಿಷ್ ಅಧಿಕಾರಿಗಳ ಕ್ಲಬ್ ಅಲ್ಲೇ ಪಕ್ಕದಲ್ಲಿತ್ತು. ಊರಿನ ಹಾಶಿಮ್ ಖಾನ್ ಅಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದರು. ದೊರೆಗಳು ಆಡಿ ಮುಗಿಸಿದ ಮೇಲೆ ಖಾಲಿ ಕೋರ್ಟಿನಲ್ಲಿ ತಾವೇ ಆಡಿ ಕಲಿತರು. 1951ರಲ್ಲಿ, ಆಗ ಈ ಆಟದ ಅತಿ ದೊಡ್ಡ ಟೂರ್ನಿಯಾಗಿದ್ದ ಬ್ರಿಟಿಷ್ ಓಪನ್ ಗೆದ್ದರು. ಆಡುವ ಹಕ್ಕು ಇರಲಿಲ್ಲ, ಆದರೆ ಆಟ ದಿನಾ ಕಣ್ಣಿಗೆ ಬೀಳುತ್ತಿತ್ತು. ನನಗೆ ಮುಖ್ಯ ಅನಿಸುವುದು ಇದೇ.

ಈಜಿಪ್ಟಿನಲ್ಲೂ ಹೀಗೇ ಆಯಿತು. 1996ರಲ್ಲಿ ಗೀಜಾದ ಪಿರಮಿಡ್ಡುಗಳ ಎದುರು, ಬಯಲಿನಲ್ಲಿ, ಗಾಜಿನ ಕೋರ್ಟ್ ನಿಲ್ಲಿಸಿ ಅಲ್ ಅಹ್ರಾಮ್ ಟೂರ್ನಿ ನಡೆಸಿದರು. ಅವರದೇ ನಾಡಿನ, ಇನ್ನೂ ಇಪ್ಪತ್ತು ತುಂಬದ ಅಹ್ಮದ್ ಬರಾದಾ ಫೈನಲ್ ತಲುಪಿದರು. ಜಾನ್‌ಶೇರ್ ಎದುರು ಸೋತರು, ನಿಜ. ಆದರೆ ಆ ಸೋಲನ್ನು ಇಡೀ ದೇಶ ನೋಡಿತು. ಆಗ ಪ್ರೈಮರಿ ಶಾಲೆಯ ವಯಸ್ಸಿನಲ್ಲಿದ್ದ ರಾಮಿ ಅಶೂರ್ ಮುಂದೆ ಮೂರು ಸಲ ವಿಶ್ವ ಚಾಂಪಿಯನ್ ಆದರು. ಅವರಿಗೂ ಮೊದಲು 2003ರಲ್ಲಿ ಲಾಹೋರಿನಲ್ಲಿ ಅಮ್ರ್ ಶಬಾನಾ ಗೆದ್ದು ದಾರಿ ತೆರೆದಿದ್ದರು. ಈಚೆಗೆ ಫೈನಲ್ಲಿನಲ್ಲಿ ಇಬ್ಬರೂ ಈಜಿಪ್ಟಿನವರೇ ಇರುವುದು ಮಾಮೂಲಾಗಿದೆ. 2024ರಲ್ಲಿ ಕೈರೋದಲ್ಲೇ ಗೆದ್ದ ಪೆರು ದೇಶದ ಡಿಯೆಗೊ ಎಲಿಯಾಸ್ ಅಪರೂಪದವರು.

ನಮ್ಮೂರಿನ 2019ರ ಟೂರ್ನಿ ನನಗೆ ಇಷ್ಟವಾಗುವುದೂ ಇದಕ್ಕೇ. ಯೂನಿಯನ್ ಸ್ಟೇಷನ್ನಿನ ಗ್ರೇಟ್ ಹಾಲ್‌ನಲ್ಲಿ, ಅಂದರೆ ರೈಲು ಹಿಡಿಯಲು ಬಂದವರು ಓಡಾಡುವ ಜಾಗದಲ್ಲಿ, ಗಾಜಿನ ಕೋರ್ಟ್ ನಿಂತಿತ್ತು. ಬಹುಮಾನದ ಹಣ ಒಟ್ಟು 10 ಲಕ್ಷ ಡಾಲರ್. ಪುರುಷರಿಗೆ ಅರ್ಧ, ಮಹಿಳೆಯರಿಗೆ ಅರ್ಧ. ಅಲಿ ಫರಾಗ್ ಪುರುಷರ ಪ್ರಶಸ್ತಿ ಗೆದ್ದರು. ಅವರ ಹೆಂಡತಿ ನೂರ್ ಎಲ್ ತಯೆಬ್ ಮಹಿಳೆಯರ ಫೈನಲ್‌ನಲ್ಲಿ ಸೋತರು. ಒಂದೇ ಮನೆಯ ಇಬ್ಬರು, ಒಂದೇ ಕೋರ್ಟ್, ಎರಡೂ ವಿಭಾಗಕ್ಕೆ ಒಂದೇ ಮೊತ್ತದ ಬಹುಮಾನ. ಹೀಗೇ ಇರಬೇಕು ಅಲ್ವಾ? ನಮ್ಮ ಭಾರತದ ಸೌರವ್ ಘೋಷಾಲ್ ಅಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಮುಂದೆ ಅದೇ ವರ್ಷ ವಿಶ್ವದ ಮೊದಲ ಹತ್ತರಲ್ಲಿ ಸ್ಥಾನ ಪಡೆದರು. ಭಾರತದ ಪುರುಷರಲ್ಲಿ ಆ ಸ್ಥಾನಕ್ಕೆ ಏರಿದ ಮೊದಲಿಗರು ಅವರು. ನಂತರದ ಎರಡು ಸಲ ಟೂರ್ನಿ ಕ್ಲಬ್ಬಿನ ಸಭಾಂಗಣಕ್ಕೆ ಹೋಯಿತು. ಆಟ ಚೆನ್ನಾಗೇ ಇತ್ತು. ಆದರೆ ದಾರಿಯಲ್ಲಿ ಹೋಗುವ ಮಗು ಸುಮ್ನೆ ನಿಂತು ನೋಡುವ ಜಾಗ ಅದಲ್ಲ.

ಚೆನ್ನೈಯಲ್ಲಿ ಮಾಲ್‌ನೊಳಗೇ ಗಾಜಿನ ಕೋರ್ಟ್ ಹಾಕಿ ತಂಡಗಳ ವಿಶ್ವಕಪ್ ನಡೆಸುತ್ತಾರೆ. ಅಲ್ಲಿ 2025ರ ಡಿಸೆಂಬರಿನಲ್ಲಿ ಭಾರತ ಹಾಂಗ್‌ಕಾಂಗ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಆ ತಂಡದ ಹಿರಿಯ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ಚೆನ್ನೈಯಲ್ಲಿ ಬೆಳೆದವರು, ಮೂಲ ನಮ್ಮ ಕೊಡಗು.

ನಾವಿರುವ ಬಡಾವಣೆಗಳ ಎಷ್ಟೋ ಜಿಮ್‌ಗಳಲ್ಲಿ ಸ್ಕ್ವಾಷ್ ಕೋರ್ಟ್ ಇರುತ್ತದೆ, ಎಷ್ಟೋ ಹೊತ್ತು ಖಾಲಿ ಬಿದ್ದಿರುತ್ತದೆ. ನಮ್ಮ ಕನ್ನಡ ಕೂಟದ ವತಿಯಿಂದ ಭಾನುವಾರ ಬೆಳಗ್ಗೆ ಒಂದೆರಡು ಗಂಟೆ ಕೋರ್ಟ್ ಹಿಡಿದು ಮಕ್ಕಳಿಗೆ ಆಟ ತೋರಿಸೋಣ ಎಂಬ ಆಸೆ ನನ್ನದು. ಹುಡುಗಿಯರೂ ಹುಡುಗರಷ್ಟೇ ಬರಲಿ. ಆಡಿ ಗೊತ್ತಿರುವ ಹಿರಿಯರು ಇದ್ದರೆ ದಯವಿಟ್ಟು ಸಮಿತಿಗೆ ಹೆಸರು ಕೊಡಿ. ಕೋರ್ಟಿನೊಳಗೆ ಕಣ್ಣಿಗೆ ಹಾಕುವ ರಕ್ಷಣೆಯ ಕನ್ನಡಕ ಮಕ್ಕಳಿಗೆ ಬೇಕೇ ಬೇಕು. ರ‍್ಯಾಕೆಟ್ಟುಗಳ ವ್ಯವಸ್ಥೆಯನ್ನು ಎಲ್ಲರೂ ಸೇರಿ ಮಾಡಿಕೊಳ್ಳೋಣ.

— ಸಂಪಾದಕರು