ಸಬ್ಸಿಡಿ ಸೋಲಾರ್ ಹಾಕಿಸುವ ಮುನ್ನ ಈ ಲೆಕ್ಕ ನೋಡಿ

ಸದಸ್ಯರ ಗಮನಕ್ಕೆ. ಸಬ್ಸಿಡಿ ಎಷ್ಟು ಎನ್ನುವುದರಿಂದ ಲೆಕ್ಕ ಶುರು ಮಾಡಬೇಡಿ. ಮೊದಲು ಕಳೆದ 12 ತಿಂಗಳ ಕರೆಂಟ್ ಬಿಲ್ ತೆಗೆದು ತಿಂಗಳ ಸರಾಸರಿ ಯೂನಿಟ್ ಬರೆದಿಡಿ. ಒಳ್ಳೆಯ ಬಿಸಿಲಿನ ಜಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಮೋಡದ ತಿಂಗಳುಗಳಲ್ಲಿ ಇಳಿಯುತ್ತದೆ. ನಿಮ್ಮ ಸರಾಸರಿಯನ್ನು 120ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟ್ ಸಾಕು ಎಂದು ತಿಳಿಯುತ್ತದೆ.

ಸಬ್ಸಿಡಿ ಕಳೆದು ಕೈಯಿಂದ ಹೋಗುವ ಹಣವನ್ನು ವರ್ಷಕ್ಕೆ ಉಳಿಯುವ ಬಿಲ್ಲಿನಿಂದ ಭಾಗಿಸಿದರೆ ಅಸಲು ಎಷ್ಟು ವರ್ಷಕ್ಕೆ ವಾಪಸ್ ಎಂದು ಗೊತ್ತಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಹಗಲು ಮನೆಯಲ್ಲೇ ಬಳಸಿದ ಯೂನಿಟ್ ಪೂರ್ತಿ ದರ ಉಳಿಸುತ್ತದೆ, ವಿದ್ಯುತ್ ಕಂಪನಿಯ ಲೈನ್ ಜಾಲವಾದ ಗ್ರಿಡ್‌ಗೆ ಹೋದ ಹೆಚ್ಚುವರಿ ಯೂನಿಟ್‌ಗೆ ಅನೇಕ ಕಡೆ ಅದಕ್ಕಿಂತ ಕಡಿಮೆ ದರ. ಎರಡನ್ನೂ ಒಂದೇ ದರದಲ್ಲಿ ಗುಣಿಸಬೇಡಿ. ಸಬ್ಸಿಡಿ ಆಸೆಗೆ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸುವುದು ನಷ್ಟದ ದಾರಿ. ಬಿಲ್ಲೇ ಚಿಕ್ಕದಿದ್ದರೆ ಸಬ್ಸಿಡಿ ಇದ್ದರೂ ಬೇಡ ಎನ್ನುತ್ತೇವೆ.

ಪ್ಯಾನೆಲ್ 25 ವರ್ಷ ಬರುತ್ತದೆ, ವರ್ಷಕ್ಕೆ ಅರ್ಧ ಶೇಕಡಾದಷ್ಟು ಇಳುವರಿ ತಗ್ಗುತ್ತದೆ. ಪ್ಯಾನೆಲ್ಲಿನ ಕರೆಂಟನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ, 10–12 ವರ್ಷಕ್ಕೆ ಬದಲಿಸುವ ಖರ್ಚನ್ನು ಈಗಲೇ ಸೇರಿಸಿ.

ನೆರಳು ದೊಡ್ಡ ಶತ್ರು. ಪ್ಯಾನೆಲ್‌ಗಳು ಸರಣಿಯಲ್ಲಿ ಜೋಡಣೆಯಾಗುವುದರಿಂದ ನೀರಿನ ಟ್ಯಾಂಕಿನ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲಿನ ಇಳುವರಿ ಕುಸಿಯಬಹುದು. ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ತಾರಸಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನೊಂದು: ಬ್ಯಾಟರಿ ಇಲ್ಲದೆ ನೇರ ಗ್ರಿಡ್ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಹಾಗೆ ಮಾಡಿರುತ್ತಾರೆ, ಅದು ದೋಷವಲ್ಲ.